ಅಳುವ ಮೊದಲು ನೋಡಬೇಕು

ಆಗ ನನಗೆ ಹನ್ನೊಂದು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ಈಗ ನಾನಿರುವುದು ಶಿವಮೊಗ್ಗದಲ್ಲಿ, ಆಲ್ಕೊಳ ಸರ್ಕಲ್ಲಿನ ಹತ್ತಿರ ಮಗಳ ಮನೆಯಲ್ಲಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಒತ್ತಕ್ಷರ ಬಂದರೆ ಇವತ್ತಿಗೂ ಕೈ ನಿಲ್ಲುತ್ತದೆ. ಆದರೂ ಕತೆ ಬರೆಯುತ್ತೇನೆ. ಮೊಮ್ಮಗಳು ತಪ್ಪು ತಿದ್ದುತ್ತಾಳೆ, ಯಾರೋ ಅಚ್ಚು ಹಾಕುತ್ತಾರೆ. ಹೋದ ವರ್ಷ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದುವ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದರು. ಅವರಿಗೆ ಕತೆ ಬರೆಯಬೇಕಂತೆ, ಏನು ಬರೆಯುವುದು ಅಂತ ಹೊಳೆಯುವುದಿಲ್ಲವಂತೆ. ಒಬ್ಬಳು ಫೋನು ತೆಗೆದು ತೋರಿಸಿದಳು. ಅದು ದಿನಾ ಒಂದು ವಿಷಯ ಕೊಡುತ್ತದೆ, ಇವರು ಅದರ ಮೇಲೆ ಬರೆಯಬೇಕು. ಅವತ್ತಿನ ವಿಷಯ ‘ಮುಚ್ಚಿದ ಕಿಟಕಿ’.

“ಯಾರ ಮನೆ ಕಿಟಕಿ ಅದು?” ಅಂತ ಕೇಳಿದೆ.

“ಯಾರ ಮನೇದೂ ಅಲ್ಲ ಅಜ್ಜಿ. ನಾವೇ ಕಲ್ಪನೆ ಮಾಡ್ಕೋಬೇಕು. ನಿಮಗೆ ವಿಷಯ ಎಲ್ಲಿಂದ ಸಿಗುತ್ತೆ?”

“ಹೆಣದ ಮನೇಲಿ.”

ಹುಡುಗಿ ನಕ್ಕಳು. ಮುದುಕಿ ತಮಾಷೆ ಮಾಡುತ್ತಾಳೆ ಅಂದುಕೊಂಡಳು. ಟೀ ಕುಡಿದು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು. ನಾನೂ ತಡೆಯಲಿಲ್ಲ. ನಾನು ಹೇಳಿದ್ದು ತಮಾಷೆಯಲ್ಲ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ನಾವಿದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಆಳುಗಳ ಲೈನು ಮನೆಯಲ್ಲಿ. ಎರಡು ಮನೆಗೆ ಒಂದೇ ಗೋಡೆ. ಪಕ್ಕದವರು ಒಗ್ಗರಣೆ ಹಾಕಿದರೆ ಸೀನುವವರು ನಾವು. ಮುಂದೆ ಜಗಲಿ, ಒಳಗೆ ಒಂದು ಕೋಣೆ, ಅದರ ಹಿಂದೆ ಎದೆಮಟ್ಟದ ಗೋಡೆ ಅಡ್ಡ ಇಟ್ಟ ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು ಕಲ್ಲು. ಕೋಣೆಯಲ್ಲಿ ಅಪ್ಪ ಅವ್ವ ಮಲಗುತ್ತಿದ್ದರು, ಜಗಲಿಯಲ್ಲಿ ನಾನು ಮತ್ತು ಅಪ್ಪನ ತಾಯಿ, ಅಂದರೆ ನಮ್ಮಜ್ಜಿ ಸಿದ್ದಮ್ಮ. ನನ್ನ ಹಿಂದೆ ಎರಡು ಮಕ್ಕಳು ಹುಟ್ಟಿದ್ದವು, ಎರಡೂ ಉಳಿಯಲಿಲ್ಲ. ಮನೆಯಲ್ಲಿ ಗಡಿಯಾರ ಇರಲಿಲ್ಲ. ಸೈರನ್ನು ಕೂಗಿದಾಗ ಒಲೆ ಹಚ್ಚುವುದು, ಸೈರನ್ನು ಕೂಗಿದಾಗ ಉಣ್ಣುವುದು. ಬೆಳಿಗ್ಗೆ ರೊಟ್ಟಿ, ರಾತ್ರಿ ಮುದ್ದೆ, ಹುರುಳಿ ಸಾರು. ಕಾರ್ಖಾನೆಯ ಕರಿಪುಡಿ ಬಂದು ತೊಳೆದ ಅಕ್ಕಿಯ ಮೇಲೂ ಕೂರುತ್ತಿತ್ತು. ಒಣಗಿದ ಬಟ್ಟೆಯನ್ನು ಒಳಗೆ ತಂದ ಮೇಲೆ ಅವ್ವ ಇನ್ನೊಮ್ಮೆ ಕೊಡವುತ್ತಿದ್ದಳು. ಲೈನಿನಲ್ಲಿ ನಮ್ಮವರಿದ್ದರು, ತಮಿಳರಿದ್ದರು, ತೆಲುಗರಿದ್ದರು. ನಲ್ಲಿಯ ಹತ್ತಿರ ಮೂರು ಭಾಷೆಯಲ್ಲಿ ಜಗಳವಾಗುತ್ತಿತ್ತು. ಬೇರೆ ಮಾತು ಬರದಿದ್ದರೂ ಬೈಗುಳ ಮಾತ್ರ ಎಲ್ಲರಿಗೂ ಎಲ್ಲರದ್ದೂ ಬರುತ್ತಿತ್ತು.

ನಮ್ಮಜ್ಜಿ ಹೇಳಿಕೊಂಡು ಅಳುವವಳು. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಸಾವಿನ ಮನೆಯಲ್ಲಿ ಹೆಂಗಸರು ಬರೀ ಅಳುತ್ತಿರಲಿಲ್ಲ, ಹೇಳಿಕೊಂಡು ಅಳುತ್ತಿದ್ದರು. ಒಬ್ಬಳು ಸಾಲು ಕಟ್ಟಿ ಎಳೆದು ಹಾಡುತ್ತಾಳೆ. ಸುತ್ತ ಕೂತವರು ಸಾಲು ಮುಗಿದ ಕೂಡಲೇ ‘ಹೌದೇ ನನ್ನವ್ವಾ ಹೌದೇ’ ಅಂತ ಸೇರಿಸುತ್ತಾರೆ. ಸತ್ತದ್ದು ಗಂಡಸಾದರೆ ‘ಹೌದೋ ನನ್ನಪ್ಪಾ ಹೌದೋ’. ಸಾಲು ಕಟ್ಟುವವಳು ಏನು ಬೇಕಾದರೂ ಹೇಳಬಹುದು. ಅತ್ತೆ ಅನ್ನ ಹಾಕದಿದ್ದದ್ದು, ಭಾವ ಜಮೀನು ನುಂಗಿದ್ದು, ಗಂಡ ಕುಡಿದು ಹೊಡೆದದ್ದು, ಎಲ್ಲ. ಅಳುವಾಗ ಅಡ್ಡ ಬಾಯಿ ಹಾಕುವಂತಿಲ್ಲ. ಆಮೇಲೆ ಆ ಮಾತು ಹಿಡಿದು ಜಗಳಕ್ಕೆ ಬರುವಂತಿಲ್ಲ. ಸುತ್ತಲಿನವರು ‘ಹೌದೇ’ ಅಂದರೆ ಮುಗಿಯಿತು, ಅದು ಹೆಣದ ಮುಂದೆ ಒಪ್ಪಿದ ಮಾತು. ಅದಕ್ಕೇ ಕೆಲವು ಮನೆಯವರು ನಮ್ಮಜ್ಜಿಯನ್ನು ಕರೆಯಲು ಓಡಿ ಬರುತ್ತಿದ್ದರು, ಕೆಲವು ಮನೆಯವರು ಅವಳು ಬರುವುದು ಕಂಡರೆ ಮುಖ ಸಣ್ಣ ಮಾಡುತ್ತಿದ್ದರು. ಕರೆಯದಿದ್ದರೂ ಅವಳು ಹೋಗುತ್ತಿದ್ದಳು. ಕೂಲಿ ಏನೂ ಇಲ್ಲ. ಒಂದು ಲೋಟ ಕಾಫಿ, ಸೆರಗಿಗೆ ಒಂದಿಷ್ಟು ಮಂಡಕ್ಕಿ.

ಅಜ್ಜಿಗೆ ಕಣ್ಣಿಗೆ ಪೊರೆ ಬಂತು. ಮನುಷ್ಯರು ಕಾಣುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಆಗಿನಿಂದ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಲು ಶುರು ಮಾಡಿದಳು. ಹೋದ ಕೂಡಲೇ ಅವಳು ಅಳುವವಳಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ನೀರು ಕುಡಿಯುವ ನೆವ ಹೇಳಿ ಒಳಗೆ ಕಳಿಸುತ್ತಿದ್ದಳು. ನಾನು ಮನೆಯೆಲ್ಲ ನೋಡಿಕೊಂಡು ಬಂದು ಅವಳ ಕಿವಿಯಲ್ಲಿ ಹೇಳಬೇಕು. ಮೊದಲ ಸಲ ಹೋಗಿ ಬಂದು ಹೇಳಿದ್ದು ನನಗೆ ಈಗಲೂ ನೆನಪಿದೆ.

“ಏನ್ ಕಂಡೆ?”

“ಹಾಸಿಗೆ ಐತೆ. ಚೊಂಬು ಐತೆ. ದೇವರ ಫೋಟೋ ಐತೆ. ಎಲ್ಲಾರೂ ಅಳ್ತಾವ್ರೆ.”

“ಹಾಸಿಗೆ ಯಾರ ಮನೇಲಿ ಇಲ್ಲ ಮಾರಾಯ್ತಿ? ದೇವರ ಫೋಟೋ ನೋಡಿ ನಾನು ಹೆಣದ ಮುಂದೆ ಮಂಗಳಾರತಿ ಹೇಳ್ಲಾ? ಅವನದ್ದು ಏನ್ ಕಂಡೆ ಅದನ್ನ ಹೇಳು. ಹೋಗು, ಇನ್ನೊಂದ್ಸಲ ನೀರು ಕುಡ್ಕಂಡ್ ಬಾ.”

ಹೊಟ್ಟೆ ಬಿರಿಯುವಷ್ಟು ನೀರು ಕುಡಿದಿದ್ದೇನೆ ಆ ವರ್ಷ. ಕುಡಿದು ಕುಡಿದು ಕಲಿತೆ. ಅರ್ಧಕ್ಕೆ ನಿಂತದ್ದು ಏನಿದೆ ನೋಡಬೇಕು. ಸತ್ತವರ ಕೈ ಎಲ್ಲೆಲ್ಲಿ ಮುಟ್ಟಿ ಮುಟ್ಟಿ ಸವೆದಿದೆ ನೋಡಬೇಕು. ಜನ ಅಳುವುದನ್ನು ನೋಡಬಾರದು, ಅದು ಎಲ್ಲ ಕಡೆ ಒಂದೇ ತರ ಇರುತ್ತದೆ. ನಾನು ಒಂದು ಹೇಳಿದರೆ ಅಜ್ಜಿ ‘ಮತ್ತೆ?’ ಅನ್ನುತ್ತಿದ್ದಳು. ಇನ್ನೊಂದು ಹೇಳಿದರೆ ‘ಮತ್ತೆ?’. ಅವಳಿಗೆ ಸಾಕು ಅನಿಸಿದಾಗ ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಸೆರಗು ತಲೆಗೆಳೆದುಕೊಂಡು ಒಳಗೆ ಹೋಗುತ್ತಿದ್ದಳು. ಒಂದು ಮನೆಯಲ್ಲಿ ಬಹಳ ದಿನ ಹಾಸಿಗೆ ಹಿಡಿದಿದ್ದ ಮುದುಕ ಸತ್ತಿದ್ದ. ಅವನ ಹೆಂಡತಿ ಕಲ್ಲಿನ ಹಾಗೆ ಕೂತಿದ್ದಳು, ಹಿಂದಿನ ದಿನದಿಂದ ಅತ್ತಿರಲಿಲ್ಲವಂತೆ. ಅವಳ ತಲೆ ಕೆಟ್ಟಿದೆ ಅಂತ ಸೊಸೆಯರು ಮಾತಾಡಿಕೊಳ್ಳುತ್ತಿದ್ದರು. ನಾನು ಅವನು ಮಲಗುತ್ತಿದ್ದ ಮೂಲೆಗೆ ಹೋಗಿ ನೋಡಿದೆ. ಗೋಡೆಯ ಮೇಲೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ, ಸುಣ್ಣದ ಬೆರಳಿನ ಗೀಟುಗಳಿದ್ದವು. ಮಲಗಿದಲ್ಲೇ ಎಲೆಗೆ ಸುಣ್ಣ ಹಚ್ಚಿ, ಬೆರಳು ಗೋಡೆಗೆ ಒರೆಸಿದ್ದ. ಗೀಟುಗಳು ಕೆಳಕೆಳಗೆ ಇಳಿದಿದ್ದವು. ಮೇಲಿನವೆಲ್ಲ ಒರೆಸಿ ಮಾಸಿದ್ದವು, ಕಡೆಯದು ಮಾತ್ರ ನೆಲದ ಹತ್ತಿರ ಬೆಳ್ಳಗೆ ಉಳಿದಿತ್ತು. ಅಜ್ಜಿಗೆ ಹೇಳಿದೆ. ಅವಳು ಅದನ್ನು ಸಾಲು ಮಾಡಿ, ‘ದಿನಾ ಬೈದು ಒರೆಸ್ತಿದ್ದೋಳು ಇನ್ಯಾತಕ್ಕೆ ಒರೆಸ್ತಾಳೋ’ ಅಂತ ಎಳೆದಳು. ಆ ಹೆಂಗಸು ಎದ್ದು ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡಳು. ಮೂರು ಜನ ಹಿಡಿದುಕೊಳ್ಳಬೇಕಾಯಿತು.

ಅಜ್ಜಿಯದು ಒಂದೇ ಕಟ್ಟುನಿಟ್ಟು. ಕಾಣದ್ದನ್ನು ಸೇರಿಸಬಾರದು.

“ಹೆಣಕ್ಕೆ ಸುಳ್ಳು ಹೇಳಿದ್ರೆ ಅದಕ್ಕೇನೂ ಆಗಲ್ಲ ಬಿಡು. ಮನೆಯೋರಿಗೆ ಗೊತ್ತಾಗ್ತದೆ. ಗೊತ್ತಾದ್ರೆ ಕಣ್ಣೀರು ಅಲ್ಲೇ ನಿಲ್ತದೆ.”

ಶಿವಮೊಗ್ಗದಲ್ಲಿ ಒಮ್ಮೆ ನನ್ನನ್ನು ಕತೆ ಬರೆಯುವುದು ಕಲಿಸುವ ಶಿಬಿರಕ್ಕೆ ಕರೆದಿದ್ದರು. ಕಲಿಸಲು ಬಂದ ಮೇಷ್ಟ್ರು ಎಲ್ಲರೂ ಕಣ್ಣು ಮುಚ್ಚಿ, ಒಳಗೆ ಏನು ಕಾಣುತ್ತದೋ ಅದನ್ನು ಬರೆಯಿರಿ ಅಂದರು. ಎಲ್ಲರೂ ಮುಚ್ಚಿದರು. ಕಣ್ಣು ಮುಚ್ಚಿದರೆ ನನಗೆ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ. ನಾನು ಕಣ್ಣು ಬಿಟ್ಟುಕೊಂಡೇ ಕೂತು ಮೇಷ್ಟ್ರ ಕಾಲರು ನೋಡಿದೆ. ಸವೆದ ಕಾಲರನ್ನು ಬಿಚ್ಚಿ, ಮಗುಚಿ ಹೊಲಿದಿದ್ದರು. ಯಾರು ಹೊಲಿದರು, ಹೊಲಿಯುವಾಗ ಏನು ಬೈದುಕೊಂಡರು ಅಂತ ಬರೆದೆ. ಸ್ಫೂರ್ತಿ ಅನ್ನುವ ಮಾತನ್ನು ಅವರು ಬೆಳಗಿನಿಂದ ಹೇಳುತ್ತಿದ್ದರು. ನನಗೆ ಅದು ಬರೆಯಲೂ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ನಮ್ಮವ್ವನ ಹೆಸರು ಗೌರಿ. ಅಜ್ಜಿ ನನ್ನನ್ನು ಸಾವಿನ ಮನೆಗಳಿಗೆ ಕರೆದೊಯ್ಯುವುದು ಅವ್ವನಿಗೆ ಸರಿ ಬರುತ್ತಿರಲಿಲ್ಲ. ಅತ್ತೆ ಸೊಸೆಗೆ ಇದ್ದದ್ದು ಇದೊಂದೇ ಜಗಳ, ಆದರೆ ಮುಗಿಯದ ಜಗಳ. ನಾವು ಬಂದ ಕೂಡಲೇ ಒಳಗೆ ಬಿಡುತ್ತಿರಲಿಲ್ಲ. ಹಿತ್ತಲಿಂದ ಬರಬೇಕು. ಬಚ್ಚಲು ಕಲ್ಲಿನ ಮೇಲೆ ಇಬ್ಬರನ್ನೂ ಕೂರಿಸಿ ತಣ್ಣೀರು ಸುರಿಯುತ್ತಿದ್ದಳು. ನೀರು ಸುರಿಯುತ್ತಲೇ ಬೈಗುಳ.

“ಇವಳ ವಾರಿಗೆ ಹುಡುಗೀರು ಕುಂಟಾಬಿಲ್ಲೆ ಆಡ್ತಾವೆ. ಇವಳು ಹೆಣ ಎಣಿಸ್ತಾಳೆ. ನಾಳೆ ಇವಳನ್ನ ಯಾರ್ ಮದುವೆ ಆಗ್ತಾರೆ ಅತ್ತೆ?”

“ಯಾರಾದ್ರೂ ಆಗ್ತಾರೆ ಬಿಡೇ. ಅವನು ಸತ್ರೆ ಅಳೋಕಾದ್ರೂ ಬರ್ತದೆ.”

ಅವ್ವನಿಗೆ ನಗು ಬಂದುಬಿಡುತ್ತಿತ್ತು. ನಗು ತಡೆಯಲು ಇನ್ನೊಂದು ಚೊಂಬು ಜೋರಾಗಿ ಸುರಿಯುತ್ತಿದ್ದಳು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಜ್ಜಿ ಸೊಸೆಯನ್ನು ಹುರಿದು ಮುಕ್ಕುವ ಅತ್ತೆಯಾಗಿರಲಿಲ್ಲ. ಅವ್ವನಿಗೆ ಮತ್ತೆ ಬಸಿರು ನಿಂತಾಗ ನಲ್ಲಿಯಿಂದ ನೀರು ತರಲು ಬಿಡಲಿಲ್ಲ. ಕಣ್ಣು ಕಾಣದಿದ್ದರೂ ತಾನೇ ಕೊಡ ಹೊತ್ತಳು. ಎರಡು ಕೂಸು ಹೋಗಿದ್ದವಲ್ಲ, ಅದರಿಂದ ಅವಳಿಗೆ ಎಲ್ಲದಕ್ಕೂ ಹೆದರಿಕೆ. ಬೆಕ್ಕು ಅಡ್ಡ ಬಂದರೆ ಹೆದರಿಕೆ, ಒಲೆಯ ಮೇಲೆ ಹಾಲುಕ್ಕಿದರೆ ಹೆದರಿಕೆ. ಸಾವಿನ ಮನೆಯಿಂದ ಬಂದ ದಿನ ಅವ್ವನನ್ನು ಮುಟ್ಟುತ್ತಲೇ ಇರಲಿಲ್ಲ.

ಅವ್ವನಿಗೆ ದಿನ ತುಂಬುತ್ತಿದ್ದಾಗ ಲೈನಿನ ಆ ತುದಿಯ ಫಿಟ್ಟರ್ ಒಬ್ಬ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಹೆಣ ಕಾರಿನಲ್ಲಿ ಬಂತು. ನಮ್ಮ ಲೈನಿಗೆ ಕಾರು ಬರುವುದೇ ಅಪರೂಪ. ಅದು ಒಬ್ಬ ಕಂಟ್ರಾಕ್ಟರನ ಹಸಿರು ಕಾರು. ಓಡಿಸುವವನು ನಮ್ಮ ಪಕ್ಕದ ಮನೆಯ ಆರ್ಮುಗಂ ಮಾಮ, ತಮಿಳರವನು, ಅಜ್ಜಿಯನ್ನು ‘ಪಾಟಿ’ ಅಂತಲೇ ಕರೆಯುತ್ತಿದ್ದ. ನಾನು ಎಂದಿನ ಹಾಗೆ ನೋಡಿಕೊಂಡು ಬಂದು ಅಜ್ಜಿಗೆ ಹೇಳಿದೆ. ಕಾರು ಹಸಿರು. ಹಿಂದಿನ ಗಾಜು ಸೀಳು ಬಿಟ್ಟಿದೆ, ಸೀಳಿಗೆ ಕಾಗದ ಅಂಟಿಸಿದ್ದಾರೆ. ಹೆಣದ ಕಾಲು ಉದ್ದವಾಗಿ ಬಾಗಿಲು ಪೂರಾ ಹಾಕಲಾಗದೆ ಹಗ್ಗದಲ್ಲಿ ಕಟ್ಟಿದ್ದಾರೆ. ಜನ ಮುತ್ತಿಕೊಂಡಿದ್ದರಿಂದ ಕಾರಿನ ಒಳಗೆ ನೋಡಲಾಗಲಿಲ್ಲ. ಅಜ್ಜಿ ಅಷ್ಟರಿಂದಲೇ ಸಾಲು ಕಟ್ಟಿದಳು. ಬದುಕಿದ್ದಾಗ ಬಸ್ಸಿನಲ್ಲೂ ನಿಂತುಕೊಂಡೇ ಹೋದವನು ಸತ್ತ ಮೇಲೆ ಹಸಿರು ಕಾರಿನಲ್ಲಿ ಮಲಗಿಕೊಂಡು ಬಂದ ಅಂತ. ಲೈನಿಗೆ ಲೈನೇ ಅತ್ತಿತು.

ಆಮೇಲೆ ವಾರ ಆಗಿರಬಹುದು. ಬೆಳಿಗ್ಗೆ ಅಪ್ಪ ಡ್ಯೂಟಿಗೆ ಹೋದ ಮೇಲೆ, ಅವ್ವ ರೊಟ್ಟಿ ತಟ್ಟುತ್ತಾ ಕೂತವಳು ಹಾಗೇ ಗೋಡೆ ಹಿಡಿದಳು. ಅಜ್ಜಿ ಸೂಲಗಿತ್ತಿಯನ್ನು ಕರೆಸಿದಳು. ಮಧ್ಯಾಹ್ನದ ಸೈರನ್ನು ಕೂಗಿದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಹೊರಗೆ ಬಂದು ಕೈ ತೊಳೆದುಕೊಂಡು ಹೇಳಿದಳು.

“ಕೂಸು ಅಡ್ಡ ಐತೆ ಸಿದ್ದಮ್ಮ. ನನ್ ಕೈಲಾಗಲ್ಲ. ಶಿವಮೊಗ್ಗಕ್ಕೆ ಕರ್ಕಂಡ್ ಹೋಗಿ. ಈಗ್ಲೇ.”

ಆರ್ಮುಗಂ ಮಾಮನ ಹೆಂಡತಿ ಸೆಲ್ವಿಯಕ್ಕ ಇದನ್ನು ಕೇಳಿಸಿಕೊಂಡು ಗಂಡನ ಹತ್ತಿರ ಓಡಿದಳು. ಮಾಮ ಧಣಿಗೆ ಹೇಳದೆ ಕಾರು ತಂದ. ಗೊತ್ತಾದರೆ ಕೆಲಸ ಹೋಗುತ್ತಿತ್ತು. ಬಾಗಿಲ ಮುಂದೆ ನಿಲ್ಲಿಸಿ, ಎಂಜಿನ್ನು ಆರಿಸದೆ, ಇಳಿದು ಹಿಂದಿನ ಬಾಗಿಲಿಗೆ ಕೈ ಹಾಕಿದ. ಅಜ್ಜಿ ಜಗಲಿಯಲ್ಲಿ ನಿಂತಿದ್ದಳು. ನನ್ನ ಭುಜ ಹಿಡಿದುಕೊಂಡಳು.

“ಯಾವ ಕಾರೇ ನಿಂಗಿ?”

“ಹಸಿರು ಕಾರು.”

“ಹಿಂದಿನ ಗಾಜು?”

“ಸೀಳೈತೆ. ಕಾಗದ ಅಂಟಿಸೈತೆ.”

ನಾನು ಕಂಡದ್ದು ಹೇಳಿದೆ. ಇಷ್ಟು ವರ್ಷದಲ್ಲಿ ನನ್ನ ಬೆನ್ನು ತಟ್ಟಿ ‘ನೀನು ಮಗು, ನಿನಗೇನು ಗೊತ್ತಿತ್ತು’ ಅಂತ ಸಮಾಧಾನ ಹೇಳಿದವರಿದ್ದಾರೆ. ನಾನು ಸಮಾಧಾನ ಕೇಳಿಲ್ಲ. ಕಂಡದ್ದನ್ನು ಹೇಳುವುದರಲ್ಲಿ ತಪ್ಪಿಲ್ಲ. ಕೇಳಿದವರು ಏನು ಮಾಡುತ್ತಾರೆ ಅನ್ನುವುದು ಬೇರೆ.

ಅಜ್ಜಿ ಬಾಗಿಲಿಗೆ ಎರಡೂ ಕೈ ಅಡ್ಡ ಕೊಟ್ಟಳು.

“ಇದು ಬ್ಯಾಡ. ಫಿಟ್ಟರ್ ಹೆಣ ತಂದ ಕಾರು ಇದು. ನಾನೇ ಇದರ ಹೆಸರು ಹೇಳಿ ಅತ್ತಿದೀನಿ. ಇದ್ರಾಗೆ ತುಂಬಿದ ಬಸುರೀನ ಕೂರಿಸ್ತಾರಾ?”

“ಪಾಟಿ, ನಾನು ತೊಳ್ದಿದೀನಿ. ಎರಡು ಸಲ ತೊಳ್ದಿದೀನಿ. ಪಿನಾಯಿಲ್ ಹಾಕಿ.”

“ತೊಳೆದ್ರೆ ಹೋಗ್ತದೇನೋ ಹೆಣ? ಬ್ಯಾರೆ ಗಾಡಿ ತಾ.”

“ಬೇರೆ ಎಲ್ಲಿ ತರೋದು ಪಾಟಿ? ಇದೇ ಕದ್ದು ತಂದಿದೀನಿ!”

ಒಳಗಿಂದ ಅವ್ವ ಕೂಗಿದಳು. ಕೂಗು ಅಂದರೆ ಕೂಗೂ ಅಲ್ಲ, ಹಲ್ಲು ಕಚ್ಚಿಕೊಂಡು ಆಡಿದ ಮಾತು.

“ಅತ್ತೇ, ಯಾವ ಕಾರಾದ್ರೂ ಸರಿ. ನಾನು ಹೋಗ್ತೀನಿ. ಬಿಡಿ ಅತ್ತೇ.”

ಅಜ್ಜಿ ಕೈ ತೆಗೆಯಲಿಲ್ಲ. ಸೆಲ್ವಿಯಕ್ಕ ಅವಳ ಕಾಲು ಹಿಡಿದಳು. ಅಜ್ಜಿ ಅಳುತ್ತಿದ್ದಳು, ಅಳುತ್ತಲೇ ‘ಬ್ಯಾಡ, ಬ್ಯಾಡ, ಎರಡು ಹೋಗ್ಯಾವೆ, ಇದೂ ಹೋಗೋದು ಬ್ಯಾಡ’ ಅನ್ನುತ್ತಿದ್ದಳು. ಬೇರೆ ಮನೆಯ ಸಾವಿಗೆ ಅಷ್ಟು ಗಟ್ಟಿಯಾಗಿ ಸಾಲು ಕಟ್ಟುವವಳಿಗೆ ಅವತ್ತು ಒಂದು ಸಾಲೂ ಕೂಡುತ್ತಿರಲಿಲ್ಲ. ಕಡೆಗೆ ಮಾಮ ಬಾಗಿಲು ಹಾಕಿಕೊಂಡು ಕಾರು ತೆಗೆದುಕೊಂಡು ಹೋದ. ಸೆಲ್ವಿಯಕ್ಕ ಜಟಕಾ ಹುಡುಕಿಕೊಂಡು ಹೋದಳು. ಜಟಕಾ ಬರುವ ಹೊತ್ತಿಗೆ ಸತ್ತ ಕೂಸು ಹೊರಗೆ ಬಂದಿತ್ತು, ಅದರ ಹಿಂದೆಯೇ ಅವ್ವನ ರಕ್ತವೆಲ್ಲ ಹೋಗಿತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ. ಕುದುರೆಯವನು ಸುಮ್ಮನೆ ಗಾಡಿ ತಿರುಗಿಸಿಕೊಂಡ.

ಸುದ್ದಿ ಹೋಗಿ ಅಪ್ಪ ಓಡಿ ಬಂದ. ಕೈಯಲ್ಲಿ ಊಟದ ಡಬ್ಬಿ, ಮೈಯೆಲ್ಲ ಕರಿ. ಒಳಗೆ ಹೋಗಿ ನೋಡಿ ಹೊರಗೆ ಬಂದು ಒಂದೇ ಕೇಳಿದ.

“ಯಾಕವ್ವ ಕರ್ಕಂಡ್ ಹೋಗ್ಲಿಲ್ಲ?”

“ಗಾಡಿ ಸಿಗ್ಲಿಲ್ಲ ಕಣಪ್ಪ. ಎಲ್ಲೂ ಸಿಗ್ಲಿಲ್ಲ” ಅಂದಳು ಅಜ್ಜಿ.

ಸೂಲಗಿತ್ತಿ ಅಲ್ಲೇ ಇದ್ದಳು, ನೆಲ ನೋಡಿದಳು. ಸೆಲ್ವಿಯಕ್ಕ ಅಲ್ಲೇ ಇದ್ದಳು. ಕದ್ದು ತಂದ ಕಾರಿನ ಮಾತು ಎತ್ತಿದರೆ ಗಂಡನ ಕೆಲಸ ಹೋಗುತ್ತದೆ, ಅವಳೂ ಸುಮ್ಮನಾದಳು. ಅಪ್ಪ ಹಣೆ ಚಚ್ಚಿಕೊಂಡು ಊರನ್ನು ಬೈದ, ದೇವರನ್ನು ಬೈದ, ಒಂದು ಗಾಡಿ ಇಲ್ಲದ ತನ್ನ ಬಡತನವನ್ನು ಬೈದುಕೊಂಡ. ನಾನು ಜಗಲಿಯ ಕಂಬ ಹಿಡಿದು ನಿಂತು ಕೇಳಿದೆ. ನಾಳೆ ಅವ್ವನನ್ನು ಮಣ್ಣು ಮಾಡುತ್ತಾರೆ. ಮಣ್ಣು ಮುಚ್ಚಿದ ಮೇಲೆ ಗಾಡಿ ಸಿಗಲಿಲ್ಲ ಅನ್ನುವುದೇ ಅವಳ ಸಾವು ಆಗುತ್ತದೆ. ಅಪ್ಪ ಸಾಯುವವರೆಗೂ ಅದನ್ನೇ ನಂಬುತ್ತಾನೆ. ಅವ್ವ ‘ಹೋಗ್ತೀನಿ, ಬಿಡಿ’ ಅಂದದ್ದು ಅವಳ ಜೊತೆಗೇ ಹೋಗುತ್ತದೆ. ಹನ್ನೊಂದು ವರ್ಷಕ್ಕೆ ಇಷ್ಟೆಲ್ಲ ಮಾತು ಕೂಡಿಸಿ ಯೋಚಿಸಿದೆ ಅಂತಲ್ಲ. ಆದರೆ ಹೊಟ್ಟೆಯಲ್ಲಿ ಇದ್ದದ್ದು ಇದೇ. ಅಪ್ಪನಿಗೆ ಹೋಗಿ ಹೇಳಬಹುದಿತ್ತು. ಹೇಳಿದ್ದರೆ ಅಜ್ಜಿ ‘ಮಗು ಬೆದರಿದೆ, ಏನೋ ಹಲುಬುತ್ತದೆ’ ಅನ್ನುತ್ತಿದ್ದಳು. ಅಲ್ಲಿಗೆ ಮುಗಿಯುತ್ತಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮರುದಿನ ಬೆಳಿಗ್ಗೆ ಅವ್ವನನ್ನು ಕೋಣೆಯ ಗೋಡೆಗೆ ಒರಗಿಸಿ ಕೂರಿಸಿದರು. ಹಣೆಗೆ ವಿಭೂತಿ, ತೊಡೆಯ ಮೇಲೆ ಎರಡು ಕೈ. ಕತ್ತು ವಾಲದ ಹಾಗೆ ಬಟ್ಟೆ ಕಟ್ಟಿದ್ದರು. ಲೈನಿನ ಹೆಂಗಸರೆಲ್ಲ ಬಂದು ಸುತ್ತ ಕೂತರು. ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ, ಹೊರಗೆ ಗಂಡಸರು. ಸಾಲು ಕಟ್ಟುವವಳು ಅಜ್ಜಿಯೇ, ಇನ್ನಾರಿದ್ದಾರೆ? ನಾನು ಅವಳ ಪಕ್ಕ ಕೂತಿದ್ದೆ. ಅವಳು ಸೆರಗು ತಲೆಗೆಳೆದುಕೊಂಡಳು, ನನ್ನ ಕಡೆ ಬಗ್ಗಿದಳು. ಯಾವ ಮನೆಯಲ್ಲಿ ಕೂತಿದ್ದೇನೆ ಅನ್ನುವುದು ಮರೆತವಳ ಹಾಗೆ ಪಿಸುಗುಟ್ಟಿದಳು.

“ಏನ್ ಕಂಡೆ?”

“ಕಾವಲಿ ಮೇಲೆ ರೊಟ್ಟಿ ಹಂಗೇ ಐತೆ. ಒಂದು ಮಗ್ಗುಲು ಬೆಂದೈತೆ.”

“ಮತ್ತೆ?”

“ಕೂಸಿಗೆ ಅಂತ ಕುಲಾವಿ ಹೊಲೀತಿದ್ಲು. ಒಂದು ದಾರ ಹಾಕಿಲ್ಲ. ಸೂಜಿ ಅದ್ರಾಗೇ ಚುಚ್ಚೈತೆ.”

“ಮತ್ತೆ?”

“ಹಸಿರು ಕಾರು.”

ಅಜ್ಜಿ ಮೂರನೇ ಸಲ ‘ಮತ್ತೆ’ ಅನ್ನಲಿಲ್ಲ. ನನ್ನ ಮಂಡಿಯ ಮೇಲೆ ಕೈ ಇಟ್ಟಿದ್ದಳು, ಆ ಕೈ ತೆಗೆದಳು. ಹೆಂಗಸರು ಕಾಯುತ್ತಿದ್ದರು. ಆಮೇಲೆ ಎತ್ತಿದಳು.

‘ಕಾವಲಿ ಮ್ಯಾಲಿನ ರೊಟ್ಟಿ ತಿರುವಿಲ್ಲ ನನ್ನ ಗೌರಿ,
ಒಂದ್ ಮಗ್ಗುಲು ಬೆಂದು ಒಂದ್ ಮಗ್ಗುಲು ಹಸಿ ಐತೆ.’

ಹೌದೇ ನನ್ನವ್ವಾ ಹೌದೇ, ಅಂದರು ಎಲ್ಲರೂ.

‘ಕುಲಾವಿ ದಾರ ಹಾಕಿಲ್ಲ ನನ್ನ ಗೌರಿ,
ಹಾಕೋ ತಲೆ ಬಂದಂಗೆ ಬಂದು ಮಣ್ಣಿಗೆ ಹೊಂಟೈತೆ.’

ಹೌದೇ ನನ್ನವ್ವಾ ಹೌದೇ.

ಚೆನ್ನಾಗಿ ಹಾಡಿದಳು. ಅದನ್ನು ಇಲ್ಲ ಅನ್ನುವುದಿಲ್ಲ. ಅವ್ವ ತಲೆಯ ಮೇಲೆ ನೀರು ಸುರಿಯುತ್ತಿದ್ದದ್ದು ಹೇಳಿದಳು, ಕೊಡವಿದ ಬಟ್ಟೆ ಹೇಳಿದಳು. ಕರಿಪುಡಿ ಹೇಳಿದಳು, ಹೋದ ಎರಡು ಕೂಸು ಹೇಳಿದಳು. ಅವಳ ಬಾಯಿ ಮನೆಯೆಲ್ಲ ತಿರುಗಿತು, ಬಾಗಿಲ ಹತ್ತಿರ ಮಾತ್ರ ಹೋಗಲಿಲ್ಲ. ನಾನು ಕಾದೆ. ಸೆಲ್ವಿಯಕ್ಕ ನನ್ನನ್ನೇ ನೋಡುತ್ತಿದ್ದಳು. ಅಜ್ಜಿ ಇನ್ನು ಮುಗಿಸುತ್ತಾಳೆ ಅನ್ನುವುದು ಅವಳ ಉಸಿರಿನಲ್ಲಿ ನನಗೆ ಗೊತ್ತಾಯಿತು. ಮುಗಿಸುವ ಮೊದಲು ಅವಳು ಉದ್ದ ಉಸಿರು ಎಳೆಯುತ್ತಿದ್ದಳು. ಮದುವೆಯಾಗದ ಹುಡುಗಿ ಹೆಣದ ಮುಂದೆ ಸಾಲು ಎತ್ತಬಾರದು. ಅವಳು ಉಸಿರು ಎಳೆದಳು, ನಾನು ಎತ್ತಿದೆ.

‘ಹಸಿರು ಕಾರು ಬಂತಲ್ಲ ಬಾಗಿಲಿಗೆ ನನ್ನವ್ವ,
ಹೆಣ ಹೊತ್ತ ಕಾರಂತ ಹಿಂದಕ್ಕೆ ಕಳಿಸಿದ್ರು.’

“ಹೌದೇ ನನ್ನವ್ವಾ ಹೌದೇ.”

ಅಂದದ್ದು ಅಜ್ಜಿ. ಅವಳೊಬ್ಬಳೇ. ನಲವತ್ತು ವರ್ಷ ಸಾವಿನ ಮನೆಯಲ್ಲಿ ಕೂತ ಬಾಯಿ ಅದು, ಸಾಲು ಮುಗಿದ ಕೂಡಲೇ ತಾನಾಗಿ ಅಂದುಬಿಟ್ಟಿತು. ಅಂದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಉಳಿದ ಹೆಂಗಸರು ಸೇರಿಸಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿದರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಇನ್ನು ಬಾಯಿ ಬರುವುದಿಲ್ಲ ಅಂತ ಗೊತ್ತಿತ್ತು.

‘ಮೆತ್ತನ್ನ ಸೀಟಿತ್ತು ಕಾರಾಗೆ ನನ್ನವ್ವ,
ಹೋಗ್ತೀನಿ ಬಿಡಿ ಅಂತ ಒಳಗಿಂದ ಕೂಗಿದ್ದೆ.’

ಸೆಲ್ವಿಯಕ್ಕ ಗಟ್ಟಿಯಾಗಿ ‘ಹೌದೇ’ ಅಂದಳು. ಅವಳ ಹಿಂದೆ ಸೂಲಗಿತ್ತಿ. ಅವಳ ಹಿಂದೆ ಎಲ್ಲರೂ. ಕೋಣೆ ತುಂಬ ಹೌದೇ ಹೌದೇ ಅನ್ನುವುದೇ ಆಯಿತು. ಅಪ್ಪ ಚೌಕಟ್ಟು ಬಿಟ್ಟು ಒಳಗೆ ಬಂದ. ಹೆಂಗಸರ ನಡುವೆ ಗಂಡಸು ಬರುವಂತಿಲ್ಲ, ಬಂದ. ಅಜ್ಜಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ಹೌದೇನವ್ವ?”

ಅಜ್ಜಿ ಸೆರಗು ಬಾಯಿಂದ ತೆಗೆದಳು.

“ಅಂದ್ನಲ್ಲಪ್ಪ ಹೌದು ಅಂತ.”

ಅಷ್ಟೇ. ಹೊಡೆದಾಟ ಆಗಲಿಲ್ಲ, ಕಿರುಚಾಟ ಆಗಲಿಲ್ಲ. ಅಪ್ಪ ಎದ್ದು ಹೊರಗೆ ಹೋದ. ಮಧ್ಯಾಹ್ನ ಮಣ್ಣು ಮಾಡಿ ಬಂದೆವು. ಅಜ್ಜಿ ಆಮೇಲೆ ಬಹಳ ವರ್ಷ ಬದುಕಿದಳು, ಅದೇ ಜಗಲಿಯಲ್ಲಿ, ಅದೇ ಚಾಪೆಯಲ್ಲಿ. ಯಾವ ಮನೆಯಲ್ಲಿ ಸಾವಾದರೂ ಹೋಗಲಿಲ್ಲ. ಅಪ್ಪ ಅವಳಿಗೆ ಊಟಕ್ಕೆ ಕಡಿಮೆ ಮಾಡಲಿಲ್ಲ, ಆದರೆ ಅವಳು ಕೊಟ್ಟ ನೀರು ಕುಡಿಯಲಿಲ್ಲ. ಎಲ್ಲ ಕೆಲಸಕ್ಕೂ ನಾನು ನಡುವೆ ನಿಂತೆ. ಅವಳಿಗೆ ತಟ್ಟೆ ಇಡುವವಳು ನಾನು, ಕಡೆಗೆ ಮೈ ತೊಳೆಯುವವಳೂ ನಾನು. ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದಳೋ ಇಲ್ಲವೋ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ಸತ್ತಾಗ ಸಾಲು ಕಟ್ಟಿದ್ದು ನಾನೇ. ಹೊಗಳಲಿಲ್ಲ, ತೆಗಳಲಿಲ್ಲ, ಕಂಡದ್ದು ಹೇಳಿದೆ.

ಅವ್ವನನ್ನು ಮಣ್ಣು ಮಾಡಿದ ಮಾರನೇ ಬೆಳಿಗ್ಗೆ ನಾನು ಎದ್ದು ಮುಖ ತೊಳೆಯದೆ ಕಂಟ್ರಾಕ್ಟರನ ಮನೆಯ ಕಡೆ ಹೋದೆ. ಆರ್ಮುಗಂ ಮಾಮ ಗೇಟಿನ ಹೊರಗೆ ಕಾರು ಒರೆಸುತ್ತಿದ್ದ. ಅವನ ಕೆಲಸ ಇನ್ನೂ ಹೋಗಿರಲಿಲ್ಲ. ನನ್ನನ್ನು ಕಂಡು ಅವನ ಕೈ ನಿಂತಿತು.

“ಏನು ಪಾಪಾ? ಅಪ್ಪ ಕಳಿಸಿದ್ರಾ?”

“ಇಲ್ಲ ಮಾಮ. ಕಾರೊಳಗೆ ನೋಡ್ಬೇಕು.”

“ಯಾಕೆ?”

“ಸೀಟು ಮೆತ್ತಗೈತೆ ಅಂದ್ಬಿಟ್ಟೆ. ನಾನು ನೋಡಿರಲಿಲ್ಲ.”

ಅವನಿಗೆ ಅರ್ಥವಾಯಿತೋ ಇಲ್ಲವೋ. ಗೇಟಿನ ಕಡೆ ಒಮ್ಮೆ ನೋಡಿ ಹಿಂದಿನ ಬಾಗಿಲು ತೆಗೆದ. ಪಿನಾಯಿಲ್ ವಾಸನೆ ಬಂತು. ನಾನು ಹತ್ತಿ ಕೂತೆ. ಸೀಟು ಮೆತ್ತಗಿರಲಿಲ್ಲ. ರೆಕ್ಸಿನ್ ಹರಿದು ಸ್ಪ್ರಿಂಗು ಒತ್ತುತ್ತಿತ್ತು, ಹರಿದ ಕಡೆ ಗೋಣಿತಟ್ಟು ಹಾಕಿದ್ದರು. ಕೂತು 'ಗಟ್ಟಿ, ಗೋಣಿತಟ್ಟು' ಅಂತ ಎರಡು ಸಲ ಹೇಳಿಕೊಂಡೆ. ಆಮೇಲೆ ಮಲಗಿದೆ. ಅವ್ವ ನನಗಿಂತ ಎಷ್ಟು ಉದ್ದ ಅಂತ ಗೊತ್ತಿತ್ತು, ಅವಳ ಭುಜಕ್ಕೆ ಬರುತ್ತಿದ್ದೆ. ಅಷ್ಟು ಜಾಗ ಬಿಟ್ಟು ಸರಿದು, ಹೊಟ್ಟೆ ಇದ್ದವರು ಮಲಗುವ ಹಾಗೆ ಮಗ್ಗುಲಾಗಿ, ಮಂಡಿ ಮಡಿಸಿಕೊಂಡೆ.

“ಮಾಮ, ಬಾಗಿಲು ಹಾಕು.”

ಹಾಕಿದ. ಹಗ್ಗ ಬೇಕಾಗಲಿಲ್ಲ, ಪೂರಾ ಹಾಕಿಕೊಂಡಿತು.